ಸೆವೆನ್ ಮಾದರಿ ಕಾರು ಮನೆಯಲ್ಲೇ ಕಟ್ಟುವುದು: ಯಾವ ಭಾಗ ನೀವೇ ಮಾಡಬಹುದು, ಯಾವುದನ್ನು ಕೊಂಡೇ ತರಬೇಕು

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವನು. ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಗೆ ಒಂದು ಕಾರು ಹಿಡಿಸುವಷ್ಟು ಗ್ಯಾರೇಜ್ ಇದೆ. ಲೋಟಸ್ ಸೆವೆನ್ ಥರದ ಎರಡು ಸೀಟಿನ ಕಾರನ್ನು ನಾನೇ ಕಟ್ಟಬೇಕೆಂಬ ಆಸೆ ಬಹಳ ದಿನಗಳದ್ದು. ಗುಜರಿಗೆ ಹೋಗುವ ಹಂತದಲ್ಲಿರುವ ಮಾಜ್ದಾ ಎಂಎಕ್ಸ್-5 ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಬಿಡಿಭಾಗಗಳ ಕಿಟ್ ಕೊಳ್ಳಲಾ, ಇಲ್ಲಾ ಚಾಸಿಯಿಂದ ಹಿಡಿದು ಎಲ್ಲವನ್ನೂ ನಾನೇ ಮಾಡಲಾ? ವೆಲ್ಡಿಂಗ್ ಎಂದೂ ಮಾಡಿದವನಲ್ಲ, ಕಲಿಯುವ ಹಟ ಇದೆ. ಮುಂದೆ ಊರಿಗೆ ಮರಳುವಾಗ ಕಾರನ್ನು ಜೊತೆಗೆ ತರಬಹುದೇ?

ಉತ್ತರ: ಚಾಸಿಯನ್ನು, ಅಂದರೆ ಕಾರಿನ ಮೂಲ ಚೌಕಟ್ಟನ್ನು, ನೀವೇ ಮಾಡಬಹುದು, ಮಾಡಿ. ವಿಶ್‌ಬೋನ್‌ಗಳನ್ನು, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳುಗಳನ್ನು, ಕೈ ಕುದುರಿದ ಮೇಲೆ ಮಾಡಿ. ಕುದುರದಿದ್ದರೆ ಕೊಂಡು ತನ್ನಿ. ಸ್ಟಿಯರಿಂಗ್ ಜಾಯಿಂಟ್, ಚಕ್ರ ಕೂರುವ ಹಬ್, ಬ್ರೇಕ್ ಸಿಲಿಂಡರ್ ಇವನ್ನು ಹಳೆಯ ಕಾರಿನಿಂದ ಬಿಚ್ಚಿ ಹಾಕಿ, ಇಲ್ಲವೇ ಹೊಸದು ಕೊಳ್ಳಿ. ಅವಕ್ಕೆ ವೆಲ್ಡರ್ ಆಗಲಿ ಗ್ರೈಂಡರ್ ಆಗಲಿ ಮುಟ್ಟಿಸಬೇಡಿ. ಕಾರನ್ನು ಕರ್ನಾಟಕಕ್ಕೆ ತರುವ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ; ಅಲ್ಲಿ ಸಿಹಿಸುದ್ದಿ ಇಲ್ಲ.

ಹೀಗೆ ವಿಂಗಡಿಸಲು ನಾನು ಬಳಸುವ ಅಳತೆ ಒಂದೇ: ಈ ಭಾಗ ಕೈಕೊಟ್ಟರೆ ಏನಾಗುತ್ತದೆ, ಕೈಕೊಡುವ ಮೊದಲು ಸುಳಿವು ಕೊಡುತ್ತದೆಯೇ? ಚಾಸಿಯ ಒಂದು ಬೆಸುಗೆ ಬಿರುಕು ಬಿಟ್ಟರೆ ಮೇಲಿನ ಪೇಂಟ್ ಸೀಳುತ್ತದೆ, ಕಂದು ಗೆರೆ ಮೂಡುತ್ತದೆ, ಅಷ್ಟರವರೆಗೆ ಅಕ್ಕಪಕ್ಕದ ಟ್ಯೂಬುಗಳು ಭಾರ ಹೊರುತ್ತವೆ. ಸ್ಟಿಯರಿಂಗ್ ಶಾಫ್ಟಿನ ಬೆಸುಗೆ ಬಿಟ್ಟರೆ ಸುಳಿವೂ ಇಲ್ಲ, ಎರಡನೇ ಅವಕಾಶವೂ ಇಲ್ಲ. ಬಹಳ ಜನ ‘ನನಗೆ ಎಷ್ಟು ಬರುತ್ತದೆ’ ಎಂದು ನೋಡಿ ಕೆಲಸ ಆರಿಸಿಕೊಳ್ಳುತ್ತಾರೆ. ಕೆಲಸ ಬಂದಷ್ಟೂ ಧೈರ್ಯ ಬೆಳೆಯುತ್ತದೆ, ಒಂದು ದಿನ ಮುಟ್ಟಬಾರದ್ದನ್ನೂ ಮುಟ್ಟುವಂತಾಗುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯನ್ನು ಮೊದಲ ದಿನವೇ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿ.

ನೀವು ಆರಿಸಿಕೊಂಡ ಕಾರೇ ಮನೆಯಲ್ಲಿ ಕಟ್ಟಲೆಂದು ಹುಟ್ಟಿದ್ದು. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ 1957ರಲ್ಲಿ ಸೆವೆನ್ ಮಾರುಕಟ್ಟೆಗೆ ತಂದಾಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ರೂಪದಲ್ಲಿ ಕೊಂಡರೆ ಇರಲಿಲ್ಲ. ಜೋಡಿಸುವ ಸೂಚನೆಗಳನ್ನು ಜೊತೆಗೆ ಕೊಡಕೂಡದು ಎಂಬ ಷರತ್ತಿಗೆ ಲೋಟಸ್‌ನವರು ಬಿಚ್ಚುವ ಸೂಚನೆಗಳನ್ನು ಕೊಟ್ಟು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಲು ಬಿಟ್ಟರು ಎಂಬ ಮಾತು ಈ ವಲಯದಲ್ಲಿ ಎಲ್ಲರ ಬಾಯಲ್ಲೂ ಇದೆ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು, ಕಿಟ್‌ನ ತೆರಿಗೆ ಲಾಭವೂ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಇವತ್ತು ಕಿಟ್ ಕಾರು ಕಟ್ಟುವವರು ಹಣ ಉಳಿಸಲು ಕಟ್ಟುವುದಿಲ್ಲ. ಲೆಕ್ಕ ಹಾಕಿದರೆ ಚೆನ್ನಾಗಿರುವ ಹಳೆಯ ಎಂಎಕ್ಸ್-5 ಕೊಳ್ಳುವುದೇ ಅಗ್ಗ. ಕಟ್ಟುವ ಕೆಲಸವೇ ನಿಮಗೆ ಬೇಕಾಗಿದ್ದರೆ ಮಾತ್ರ ಮುಂದೆ ಓದಿ.

ನಿಮಗೆ ಮೂರು ದಾರಿಗಳಿವೆ. ಎಂಎಕ್ಸ್-5ರ ಹೊರಮೈ ಕಿತ್ತು, ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಇದ್ದಂತೆಯೇ ಇಟ್ಟುಕೊಂಡು ಮೇಲೆ ಹೊಸ ಟ್ಯೂಬ್ ಚೌಕಟ್ಟು ಕೂರಿಸುವುದು ಒಂದು. 2010ರಲ್ಲಿ ಬಂದ ಎಂಇವಿ ಕಂಪನಿಯ ಎಕ್ಸೋಸೆಟ್ ಕಿಟ್ ಈ ಜಾತಿಯದು. ವೆಲ್ಡಿಂಗ್ ಬೇಡವೇ ಬೇಡ ಎನ್ನುವವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಚಾಸಿ, ವಿಶ್‌ಬೋನ್, ಪ್ಯಾನೆಲ್ ಎಲ್ಲ ಕೊಟ್ಟು, ಎಂಜಿನ್ ಮುಂತಾದವನ್ನು ಹಳೆಯ ಕಾರಿನಿಂದ ಹಾಕಿಕೊಳ್ಳಿ ಎನ್ನುವ ಸೆವೆನ್ ಮಾದರಿ ಕಿಟ್ ಎರಡನೆಯದು. ನಕ್ಷೆ ಹಿಡಿದು ಟ್ಯೂಬ್ ಕೊಂಡು ಮೊದಲಿನಿಂದ ಕಟ್ಟುವುದು ಮೂರನೆಯದು. ಅಲ್ಲಿನವರು ಇದನ್ನು ‘ಲೊಕಾಸ್ಟ್’ ಎನ್ನುತ್ತಾರೆ. ನಿಮ್ಮ ಹಟ ನೋಡಿದರೆ ಮೂರನೆಯದೇ ನಿಮ್ಮದು. ಮೂಲ ಲೊಕಾಸ್ಟ್ ನಕ್ಷೆ ಫೋರ್ಡ್ ಎಸ್ಕಾರ್ಟ್ ಭಾಗಗಳಿಗಾಗಿ ಬರೆದದ್ದು, ಹಿಂದಿನ ಎರಡೂ ಚಕ್ರಗಳನ್ನು ಕೂಡಿಸುವ ಒಂದೇ ಗಟ್ಟಿ ಆಕ್ಸಲ್ ಇರುವಂಥದ್ದು. ಎಂಎಕ್ಸ್-5ರಲ್ಲಿ ಹಿಂದಿನ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್. ಹಾಗಾಗಿ ಎಂಎಕ್ಸ್-5ಕ್ಕೆಂದೇ ಮಾಡಿದ ನಕ್ಷೆ ತೆಗೆದುಕೊಳ್ಳಿ. ಎರಡು ನಕ್ಷೆಗಳನ್ನು ಬೆರೆಸುವ ಗೋಜಿಗೆ ಹೋಗಬೇಡಿ.

ಹಳೆಯ ಕಾರಿನ ಬಾಡಿ ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ, ಅದನ್ನು ನೀವು ಎಸೆಯುವವರೇ. ಎಂಜಿನ್ ಹೊಗೆ ಕಾರದೆ ಓಡಬೇಕು, ಗೇರುಗಳು ಕಿರುಗುಡದೆ ಬೀಳಬೇಕು, ಲಾಗ್‌ಬುಕ್ (ನೋಂದಣಿ ಪತ್ರ) ಮಾರುವವರ ಹೆಸರಿನಲ್ಲೇ ಇರಬೇಕು. ಬಿಚ್ಚುವ ಮೊದಲು ಆ ಕಾರನ್ನು ಓಡಿಸಿ ನೋಡಿ. ವೈರಿಂಗನ್ನು ಕತ್ತರಿಸಬೇಡಿ, ಒಂದೊಂದು ಕನೆಕ್ಟರಿಗೂ ಚೀಟಿ ಕಟ್ಟಿ, ಇಡೀ ಗೊಂಚಲನ್ನು ಹಾಗೆಯೇ ಹೊರಗೆ ತೆಗೆಯಿರಿ.

ಟ್ಯೂಬ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಓದುವುದು. ಮನೆಯಲ್ಲಿ ಕಟ್ಟಿದ ಕಾರು ಬ್ರಿಟನ್ನಿನ ರಸ್ತೆಗಿಳಿಯಬೇಕಾದರೆ ಐವಿಎ, ಅಂದರೆ ಒಂದೊಂದೇ ವಾಹನವನ್ನು ಪರಿಶೀಲಿಸುವ ಸರಕಾರಿ ತಪಾಸಣೆ ದಾಟಬೇಕು. 2009ರಲ್ಲಿ ಹಳೆಯ ಎಸ್‌ವಿಎ ಬದಲಿಗೆ ಬಂದದ್ದಿದು. ಅದರ ಕೈಪಿಡಿ ಉಚಿತವಾಗಿ ಸಿಗುತ್ತದೆ. ಕಾರು ಮುಗಿದ ಮೇಲೆ ಕೈಪಿಡಿ ತೆರೆದರೆ ಅರ್ಧ ಕಾರನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಒಂದು ಉದಾಹರಣೆ ನೋಡಿ. ತಪಾಸಕರು 100 ಮಿಲಿಮೀಟರ್ ವ್ಯಾಸದ ಗೋಲವೊಂದನ್ನು ಕಾರಿನ ಹೊರಮೈಗೆ ತಾಗಿಸುತ್ತಾರೆ. ಗೋಲ ಮುಟ್ಟುವ ಕಡೆಯೆಲ್ಲ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಸೆವೆನ್‌ನಲ್ಲಿ ಮುಂದಿನ ಚಕ್ರಗಳು ಬಾಡಿಯ ಹೊರಗೆ, ವಿಶ್‌ಬೋನ್‌ಗಳು ಬಯಲಲ್ಲಿ. ಅಲ್ಲಿನ ಬೋಲ್ಟ್ ತಲೆಗಳು, ಬ್ರಾಕೆಟ್ಟಿನ ಮೂಲೆಗಳು ಎಲ್ಲವೂ ಆ ಗೋಲದ ಬಾಯಿಗೆ ಬೀಳುತ್ತವೆ. ಬ್ರಾಕೆಟ್ ಕತ್ತರಿಸುವಾಗಲೇ ಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರೆ ಐದು ನಿಮಿಷದ ಕೆಲಸ. ಪೌಡರ್ ಕೋಟಿಂಗ್ ಆದ ಮೇಲೆ ನೆನಪಾದರೆ ಬಣ್ಣ ಕೆಡಿಸಿಯೇ ಉಜ್ಜಬೇಕು. ಡ್ಯಾಶ್‌ಬೋರ್ಡಿನ ಸ್ವಿಚ್ಚು, ಕನ್ನಡಿ, ದೀಪಗಳ ಎತ್ತರ, ಸೀಟ್‌ಬೆಲ್ಟಿನ ಹಿಡಿತ ಎಲ್ಲಕ್ಕೂ ಹೀಗೆ ಲೆಕ್ಕವಿದೆ. ಕಟ್ಟಿದವರು ನೀವೇ ಎಂಬುದಕ್ಕೆ ಪುರಾವೆಯೂ ಬೇಕು. ಪ್ರತಿ ಹಂತದ ಫೋಟೊ ತೆಗೆಯಿರಿ, ನಟ್ಟು ಬೋಲ್ಟಿನ ರಸೀದಿಯನ್ನೂ ಜೋಪಾನ ಮಾಡಿ. ಎಂಜಿನ್ ಯಾವ ವರ್ಷದ್ದೆಂದು ತೋರಿಸುವ ಕಾಗದ ತುಂಬ ಮುಖ್ಯ, ಹೊಗೆಯ ಮಿತಿ ಅದರ ಮೇಲೆ ನಿಂತಿದೆ.

ಇನ್ನು ಚಾಸಿ. 25 ಮಿಲಿಮೀಟರ್ ಚೌಕದ, 1.6 ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ಟ್ಯೂಬು ಇದರ ಮುಖ್ಯ ಸಾಮಗ್ರಿ. ಇಷ್ಟು ತೆಳುವಾದ ಟ್ಯೂಬಿನಿಂದ ಕಾರು ನಿಲ್ಲುತ್ತದೆಯೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ನಿಲ್ಲಿಸುವುದು ದಪ್ಪವಲ್ಲ, ತ್ರಿಕೋನ. ಮುಚ್ಚಳ ತೆಗೆದ ಚಪ್ಪಲಿ ಡಬ್ಬಿಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಚುತ್ತದೆ; ಮುಚ್ಚಳ ಹಾಕಿದರೆ ಬಗ್ಗುವುದಿಲ್ಲ. ಕಾಲಿಡುವ ಜಾಗ, ಎಂಜಿನ್ ಜಾಗ ಎರಡೂ ಮೇಲೆ ತೆರೆದಿರುವ ಸೆವೆನ್ ಹುಟ್ಟಿನಿಂದಲೇ ಮುಚ್ಚಳವಿಲ್ಲದ ಡಬ್ಬಿ. ಆದ್ದರಿಂದ ನಕ್ಷೆಯಲ್ಲಿ ಓರೆಯಾಗಿ ಹೋಗುವ ಯಾವ ಟ್ಯೂಬನ್ನೂ ‘ಇದು ಅಡ್ಡ ಬರುತ್ತದೆ’ ಎಂದು ಬಿಡಬೇಡಿ. ಎಂಜಿನ್ ಪಕ್ಕದ ಓರೆ ಟ್ಯೂಬು ಎಕ್ಸಾಸ್ಟಿಗೆ ಅಡ್ಡ ಬಂದರೆ ಎಕ್ಸಾಸ್ಟನ್ನು ಸುತ್ತಿಸಿ ತನ್ನಿ, ಟ್ಯೂಬನ್ನು ಕತ್ತರಿಸಬೇಡಿ.

ವೆಲ್ಡಿಂಗಿಗೆ ಮನೆಯ 13 ಆಂಪ್ ಪ್ಲಗ್ಗಿನಲ್ಲಿ ಓಡುವ ಸಣ್ಣ ಮಿಗ್ ಯಂತ್ರ ಸಾಕು, ಲೋಹದ ತಂತಿಯನ್ನು ತಾನೇ ಮುಂದೂಡುತ್ತಾ ಕರಗಿಸಿ ಬೆಸೆಯುವಂಥದ್ದು. 0.6 ಅಥವಾ 0.8 ಮಿಲಿಮೀಟರ್ ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸ್. ಗ್ಯಾಸ್ ಇಲ್ಲದ ತಂತಿಯ ಯಂತ್ರ ಅಗ್ಗವೆಂದು ಅದರತ್ತ ಹೋಗಬೇಡಿ. ತೆಳು ಟ್ಯೂಬಿನ ಮೇಲೆ ಅದನ್ನು ಹಿಡಿತಕ್ಕೆ ತರುವುದು ಕಷ್ಟ. ಮೊದಲು ಹತ್ತಿರದ ಕಾಲೇಜಿನ ಸಂಜೆ ತರಗತಿಗೆ ಸೇರಿ.

ಮಿಗ್‌ನ ದೊಡ್ಡ ಮೋಸವೆಂದರೆ ಕೆಟ್ಟ ಬೆಸುಗೆಯೂ ನೋಡಲು ಚೆಂದ ಕಾಣುವುದು. ತಂತಿ ಕರಗಿ ಟ್ಯೂಬಿನ ಮೇಲೆ ಸಾಲಾಗಿ ಕೂತಿರುತ್ತದೆ, ಒಳಗೆ ಟ್ಯೂಬು ಕರಗಿರುವುದೇ ಇಲ್ಲ. ಇದನ್ನು ಕಣ್ಣಿನಿಂದ ಪತ್ತೆ ಮಾಡಲಾಗದು. ಅದೇ ಟ್ಯೂಬಿನ ಎರಡು ತುಂಡುಗಳನ್ನು ‘ಟಿ’ ಆಕಾರದಲ್ಲಿ ಬೆಸೆಯಿರಿ. ಒಂದನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಭಾರದ ಸುತ್ತಿಗೆಯಿಂದ ಮುರಿಯುವವರೆಗೆ ಹೊಡೆಯಿರಿ. ಟ್ಯೂಬೇ ಸುಕ್ಕಾಗಿ ಹರಿದು ಬಂದರೆ ಬೆಸುಗೆ ಗಟ್ಟಿ. ಬೆಸುಗೆಯ ಗೆರೆಯುದ್ದಕ್ಕೂ ನೀಟಾಗಿ ಬಿಟ್ಟುಕೊಂಡು, ಕೆಳಗೆ ಟ್ಯೂಬಿನ ಮೂಲ ಅಂಚು ಹಾಗೆಯೇ ಚೂಪಾಗಿ ಕಾಣಿಸಿದರೆ ಅದು ಬರೀ ಅಂಟಿಕೊಂಡಿತ್ತು ಅಷ್ಟೆ. ಆಮೇಲೆ ಇನ್ನೊಂದು ಜೋಡಣೆಯನ್ನು ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು, ಎಮೆರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಕರಗಿದ ಲೋಹ ಎಲ್ಲಿಯವರೆಗೆ ಇಳಿದಿದೆ ನೋಡಿ. ಸತತವಾಗಿ ಟ್ಯೂಬೇ ಹರಿಯುವ ಹಂತ ಬರುವವರೆಗೆ ಚಾಸಿಯ ಟ್ಯೂಬನ್ನು ಮುಟ್ಟಬೇಡಿ. ಲೋಹ ಸ್ವಚ್ಛ ಮಾಡಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ವೆಲ್ಡಿಂಗ್ ಬೆಳಕಿಗೆ, ಬಿಸಿಗೆ ಅದು ಫಾಸ್ಜೀನ್ ಆಗುತ್ತದೆ, ಜೀವ ತೆಗೆಯುವ ವಿಷಾನಿಲ ಅದು. ಅಸಿಟೋನಿನಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಡಬ್ಬಿಯನ್ನು ದೂರವಿಟ್ಟು ಆಮೇಲೆ ಬೆಸೆಯಿರಿ.

ಚಾಸಿಯನ್ನು ನೆಲದ ಮೇಲೆ ಕಟ್ಟುವುದಲ್ಲ. ದಪ್ಪ ಎಂಡಿಎಫ್ ಹಲಗೆಯ ಮೇಜು ಮಾಡಿ, ರಸಮಟ್ಟ ಇಟ್ಟು ಎಲ್ಲ ದಿಕ್ಕಿಗೂ ಸಮ ಮಾಡಿಕೊಳ್ಳಿ. ಅದರ ಮೇಲೆ ನಡುಗೆರೆ ಎಳೆದು, ಕೆಳಚೌಕಟ್ಟನ್ನು ಪೂರ್ತಿ ಅಳತೆಯಲ್ಲಿ ಬರೆಯಿರಿ. ಟ್ಯೂಬುಗಳನ್ನು ಗೆರೆಯ ಮೇಲೆ ಕೂರಿಸಿ, ಇಕ್ಕೆಲಕ್ಕೂ ಮರದ ತುಂಡು ತಿರುಪು ಹಾಕಿ ಕದಲದಂತೆ ಮಾಡಿ. ಮೊದಲು ಎಲ್ಲೆಡೆ ಟ್ಯಾಕ್, ಅಂದರೆ ಚುಕ್ಕೆಯಷ್ಟು ತಾತ್ಕಾಲಿಕ ಬೆಸುಗೆ ಮಾತ್ರ. ಬೆಸುಗೆ ತಣ್ಣಗಾಗುವಾಗ ಕುಗ್ಗಿ ಟ್ಯೂಬನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಇನ್ನೊಂದಕ್ಕೆ ಹೋದರೆ ಎರಡನೆಯದು ಗೆರೆಯ ಮೇಲೆ ಇರುವುದಿಲ್ಲ. ಕೆಳಚೌಕಟ್ಟು, ಮೇಲಿನ ಚೌಕಟ್ಟು, ನಡುವಿನ ಕಂಬಗಳು, ಓರೆಗಳು ಎಲ್ಲವೂ ಟ್ಯಾಕ್ ಮೇಲೆ ನಿಂತ ಬಳಿಕ ಮೂಲೆಯಿಂದ ಮೂಲೆಗೆ ಅಡ್ಡಳತೆ ತೆಗೆಯಿರಿ. ಎರಡೂ ಅಡ್ಡಳತೆಗಳ ನಡುವೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಟ್ಯಾಕ್ ಕತ್ತರಿಸಿ ಸರಿಮಾಡಿ. ಆ ಹಂತದಲ್ಲಿ ಅದು ಗ್ರೈಂಡರಿನ ಎರಡು ನಿಮಿಷದ ಕೆಲಸ. ಆಮೇಲೆ ಎಡ ಮುಂದಿನ ಮೂಲೆಯಲ್ಲಿ ಒಂದು ಚಿಕ್ಕ ಬೆಸುಗೆ, ಬಲ ಹಿಂದಿನದರಲ್ಲಿ ಒಂದು, ಹೀಗೆ ತಿರುಗುತ್ತಾ ಹೋಗಿ. ಕೆಳಗಿರುವುದು ಮರ ಎಂಬುದನ್ನು ಮರೆಯಬೇಡಿ. ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್ ಕೈಯಳತೆಯಲ್ಲಿರಲಿ, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಗ್ಯಾರೇಜಿನಲ್ಲೇ ಇರಿ.

ಸೀಟ್‌ಬೆಲ್ಟ್ ಕಚ್ಚುವ ಜಾಗ ಮಾತ್ರ ಚಾಸಿಯಲ್ಲಿದ್ದರೂ ಬೇರೆ ಲೆಕ್ಕದ್ದು. ತೆಳು ಟ್ಯೂಬಿಗೆ ನೇರ ತೂತು ಕೊರೆದು ಬೋಲ್ಟ್ ಹಾಕುವಂತಿಲ್ಲ. 7/16 ಯುಎನ್‌ಎಫ್ ಎಂಬ ಇಂಚು ಅಳತೆಯ ಥ್ರೆಡ್ (ತಿರುಪಿನ ಸುತ್ತು) ಒಳಗಿರುವ ಗಟ್ಟಿ ಕೊಳವೆಯಂಥ ಬಾಸ್‌ಗಳು ಇದಕ್ಕೆಂದೇ ಸಿಗುತ್ತವೆ. ಟ್ಯೂಬಿನ ಎರಡೂ ಗೋಡೆ ದಾಟುವಂತೆ ಅವನ್ನು ಕೂರಿಸಿ ಎರಡೂ ಕಡೆ ಬೆಸೆಯಬೇಕು. ಈ ಕೆಲವೇ ಬೆಸುಗೆಗಳನ್ನು ಟಿಗ್ (ಇನ್ನೂ ನಾಜೂಕಾದ ಬೆಸುಗೆ ವಿಧಾನ) ಬಲ್ಲ ವೃತ್ತಿಪರ ವೆಲ್ಡರ್ ಕೈಯಲ್ಲಿ ಮಾಡಿಸಿದರೆ ನನಗೆ ಸಮಾಧಾನ.

ವಿಶ್‌ಬೋನ್ ವಿಚಾರದಲ್ಲಿ ಬೆಸುಗೆಗಿಂತ ಮೊದಲು ಜಿಗ್, ಅಂದರೆ ಭಾಗಗಳನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಅಚ್ಚು. ದಪ್ಪ ಉಕ್ಕಿನ ಪಟ್ಟಿಯ ಮೇಲೆ, ತೋಳು ಚಾಸಿಗೆ ಕೂಡುವ ಬುಷ್‌ಗಳ ಜಾಗದಲ್ಲಿ ಬೋಲ್ಟ್ ನಿಲ್ಲಿಸಿ, ಚಕ್ರದ ಕಡೆ ಕೂಡುವ ಬಾಲ್‌ಜಾಯಿಂಟ್ ಜಾಗವನ್ನೂ ಗುರುತಿಸಿ. ಎಡಬಲಕ್ಕೆ ಒಂದೇ ಜಿಗ್ಗಿನಿಂದ ಹೊರಬಂದ ತೋಳುಗಳಾದರೆ ಎರಡೂ ಕಡೆಯ ಚಕ್ರ ಒಂದೇ ಕೋನದಲ್ಲಿ ನಿಲ್ಲುತ್ತದೆ. ಇಲ್ಲಿ ಚಾಸಿಯ ಟ್ಯೂಬು ಬಳಸಬೇಡಿ, ಸಿಡಿಎಸ್ ಎಂದು ಕೇಳಿ ಜೋಡಣೆಯ ಗೆರೆಯಿಲ್ಲದ ಟ್ಯೂಬನ್ನೇ ತನ್ನಿ. ಟ್ಯೂಬಿನ ತುದಿಯನ್ನು ಅರದಿಂದ ಉಜ್ಜಿ, ಬುಷ್ ಕೊಳವೆಯ ದುಂಡನೆಯ ಮೈಗೆ ಬೆಳಕು ನುಸುಳದಂತೆ ಕೂರಿಸಿ. ಸಂದು ದೊಡ್ಡದಿದ್ದರೆ ಬೆಸುಗೆ ಅದನ್ನು ತುಂಬುತ್ತದೆಯೇ ವಿನಾ ಹಿಡಿದಿಡುವುದಿಲ್ಲ. ರಬ್ಬರ್ ಬುಷ್ ಒತ್ತುವುದು ಎಲ್ಲ ತಣ್ಣಗಾದ ಮೇಲೆ. ಕೊಳವೆ ಬಿಸಿಗೆ ಸ್ವಲ್ಪ ಸೊಟ್ಟಗಾಗಿದ್ದರೆ ರೀಮರ್ (ತೂತನ್ನು ಅಳತೆಗೆ ನಯವಾಗಿ ಕೊರೆಯುವ ಉಪಕರಣ) ಹಾಕಿ ಸರಿಮಾಡಿ. ಬೆಸುಗೆಯನ್ನು ಅಂದಕ್ಕಾಗಿ ಗ್ರೈಂಡ್ ಮಾಡಿ ನುಣುಪು ಮಾಡುವವರಿದ್ದಾರೆ. ಹಾಗೆ ಮಾಡಿದರೆ ಭಾರ ಹೊರುವ ಲೋಹವೇ ಹೋಗುತ್ತದೆ. ಮುಗಿದ ತೋಳಿಗೆ ಡೈ ಪೆನೆಟ್ರಂಟ್ ಎಂಬ ಕೆಂಪು ಬಣ್ಣದ ಸ್ಪ್ರೇ ಹೊಡೆದು ಒರೆಸಿ, ಮೇಲೆ ಬಿಳಿ ಡೆವಲಪರ್ ಸ್ಪ್ರೇ ಹೊಡೆದು ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಮೊದಲ ಜೋಡಿ ತೋಳುಗಳಲ್ಲಿ ನಿಮಗೇ ಅನುಮಾನ ಇದ್ದರೆ ಗುಜರಿಗೆ ಹಾಕಿ.

ಸಸ್ಪೆನ್ಷನ್ ಬೋಲ್ಟುಗಳಿಗೆ ಕನಿಷ್ಠ 8.8 ದರ್ಜೆ, ತಾನಾಗಿ ಸಡಿಲವಾಗದ ನೈಲಾಕ್ ನಟ್. ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್ ಹಾಕುವ ಚಾಳಿ ವ್ಯಾಪಕವಾಗಿದೆ. ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಸುಮಾರು 450 ಮೆಗಾಪಾಸ್ಕಲ್‌ಗೆ ಬಗ್ಗತೊಡಗುತ್ತದೆ, 8.8 ತಡೆಯುವುದು 640ರವರೆಗೆ. ಬಾನೆಟ್ಟಿಗೆ ಸ್ಟೇನ್‌ಲೆಸ್ ಇರಲಿ, ವಿಶ್‌ಬೋನಿಗೆ ಬೇಡ.

ಸ್ಟಿಯರಿಂಗಿನಲ್ಲಿ ನಿಮ್ಮ ಕೆಲಸ ಜೋಡಣೆ ಮಾತ್ರ. ಸ್ಪ್ಲೈನ್ (ಹಲ್ಲುಗಳ ಸಾಲು) ಇರುವ ಯೂನಿವರ್ಸಲ್ ಜಾಯಿಂಟ್ ಕೊಂಡು, ಕ್ಲ್ಯಾಂಪ್ ಬೋಲ್ಟ್ ಶಾಫ್ಟಿನ ಕಚ್ಚಿನಲ್ಲಿ ಹಾದುಹೋಗುವಂತೆ ಬಿಗಿಯಿರಿ. ಆಮೇಲೆ ‘ಬಂಪ್ ಸ್ಟಿಯರ್’ ಅಳೆಯಲೇಬೇಕು. ಸ್ಟಿಯರಿಂಗ್ ರ‍್ಯಾಕ್ ಇರುವ ಎತ್ತರ ತಪ್ಪಿದರೆ ಚಕ್ರ ಗುಂಡಿಗೆ ಇಳಿದು ಏಳುವಾಗ ತಾನಾಗಿಯೇ ತಿರುಗುತ್ತದೆ. ನೀವು ಹ್ಯಾಂಡಲ್ ನೇರ ಹಿಡಿದಿದ್ದರೂ ಕಾರು ಪಕ್ಕಕ್ಕೆ ನೆಗೆಯುತ್ತದೆ. ಸ್ಪ್ರಿಂಗ್ ತೆಗೆದು, ಹಬ್ಬಿಗೆ ಒಂದು ನೇರ ಹಲಗೆ ಬಿಗಿದು, ಸ್ಟಿಯರಿಂಗನ್ನು ಕಟ್ಟಿಹಾಕಿ. ಜಾಕಿನಿಂದ ಹಬ್ಬನ್ನು 10 ಮಿಲಿಮೀಟರ್ ಏರಿಸುತ್ತಾ ಪ್ರತಿ ಸಲ ಹಲಗೆಯ ಮುಂದಿನ ತುದಿ, ಹಿಂದಿನ ತುದಿ ಕಾರಿನ ನಡುಗೆರೆಯಿಂದ ಎಷ್ಟು ದೂರವಿದೆ ಬರೆದುಕೊಳ್ಳಿ. ಎರಡರ ವ್ಯತ್ಯಾಸ ಬದಲಾಗುತ್ತಾ ಹೋದರೆ ರ‍್ಯಾಕನ್ನು ಷಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಏರಿಸಿ ಅಥವಾ ಇಳಿಸಿ ಮತ್ತೆ ಅಳೆಯಿರಿ. ಅದಕ್ಕೇ ರ‍್ಯಾಕಿನ ಬ್ರಾಕೆಟ್ಟನ್ನು ಅಳತೆ ಮುಗಿಯುವವರೆಗೆ ಟ್ಯಾಕ್ ಮೇಲೆಯೇ ಬಿಡಿ. ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಬೇಕೆಂದು ಐವಿಎಯಲ್ಲಿ ನೋಡುತ್ತಾರೆ. ಹಗುರ ಕಾರುಗಳು ಇದರಲ್ಲಿ ಎಡವುವುದು ಸಾಮಾನ್ಯ, ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲುವ ಕೋನ) ಹೆಚ್ಚಿಸಲು ಮೇಲಿನ ತೋಳಿನಲ್ಲಿ ಅವಕಾಶ ಇಟ್ಟುಕೊಳ್ಳಿ.

ಬ್ರೇಕಿನಲ್ಲಿ ನೀವು ಮಾಡಬಹುದಾದದ್ದು ಪೈಪು. 3/16 ಇಂಚಿನ ತಾಮ್ರ-ನಿಕಲ್ ಪೈಪು ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಪೈಪ್ ಕಟರಿನಲ್ಲಿ ಕತ್ತರಿಸಿ, ಒಳಗಿನ ಸಿಬಿರು ತೆಗೆದು, ಫ್ಲೇರ್ ಮಾಡುವ, ಅಂದರೆ ಪೈಪಿನ ಬಾಯಿ ಅರಳಿಸುವ ಮೊದಲೇ ನಟ್ ತೂರಿಸಿ. ಫ್ಲೇರಿನ ಬಾಯಿ ದುಂಡಗೆ, ನಡುವಿನಲ್ಲಿ, ಬಿರುಕಿಲ್ಲದೆ ಬರಬೇಕು. ಭೂತಗನ್ನಡಿ ಹಿಡಿದು ನೋಡಿ. ಇಲ್ಲೊಂದು ಅಪಾಯದ ಜಾಗವಿದೆ. ಮಾಜ್ದಾ ಭಾಗಗಳಲ್ಲಿ ಎಂ10 ಎಂಬ ಮೆಟ್ರಿಕ್ ಥ್ರೆಡ್, ಬ್ರಿಟಿಷ್ ಹಳೆಯ ಕಾರಿನ ಭಾಗಗಳಲ್ಲಿ 3/8 ಯುಎನ್‌ಎಫ್ ಥ್ರೆಡ್. ಎರಡೂ ನಟ್ಟುಗಳು ನೋಡಲು ಒಂದೇ, ಒಂದರಲ್ಲಿ ಇನ್ನೊಂದು ಒಂದೆರಡು ಸುತ್ತು ಹತ್ತಿಯೂ ಬಿಡುತ್ತದೆ, ಪಾನಾ ಹಾಕಿ ಒತ್ತಿದರೆ ಬಿಗಿಯಾದಂತೆ ಅನಿಸುತ್ತದೆ. ಬೆರಳಲ್ಲೇ ಕೊನೆಯವರೆಗೆ ತಿರುಗದ ನಟ್ಟನ್ನು ಒತ್ತಾಯಿಸಬೇಡಿ. ಕಾರಿನ ತುಂಬ ಒಂದೇ ಪದ್ಧತಿ ಇಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ, ಯಾರನ್ನಾದರೂ ಕೂರಿಸಿ ಕೆಲ ನಿಮಿಷ ಪೆಡಲ್ ಬಲವಾಗಿ ತುಳಿಸಿ. ಒಂದು ಕಾಗದ ಒದ್ದೆಯಾದರೂ ಮತ್ತೆ ಬಿಚ್ಚಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳು ಮೊದಲು ಕಚ್ಚಬೇಕು. ಹಿಂದಿನವು ಮೊದಲು ಕಚ್ಚಿದರೆ ಕಾರು ಗಿರ‍್ರೆಂದು ತಿರುಗುತ್ತದೆ, ತಪಾಸಣೆಯಲ್ಲೂ ಅನುತ್ತೀರ್ಣ.

ಹೊರಮೈ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಕ್ಕದ ಪ್ಯಾನೆಲ್ಲುಗಳಿಗೆ 1.2 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ, ಅಂಟು ಮತ್ತು ರಿವೆಟ್. ಉಕ್ಕಿನ ಟ್ಯೂಬಿಗೆ ಬಣ್ಣ ಬಳಿಯದೆ ನೇರ ಕೂರಿಸಿದರೆ ಮಳೆನೀರು ಸೇರಿ ಅಲ್ಯೂಮಿನಿಯಂ ಬೂದಿಯಾಗತೊಡಗುತ್ತದೆ. ಮೂತಿ ಮತ್ತು ಮಡ್‌ಗಾರ್ಡ್ ಫೈಬರ್‌ಗ್ಲಾಸಿನವು, ಕೊಂಡುಬಿಡಿ. ಅಚ್ಚು ಮಾಡಿ, ನಯಗೊಳಿಸಿ, ರೆಸಿನ್ ಹಾಕುವಷ್ಟರಲ್ಲಿ ಚಳಿಗಾಲವೇ ಕಳೆಯುತ್ತದೆ, ಕೊರೆಯುವ ಗ್ಯಾರೇಜಿನಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ.

ಊರಿಗೆ ತರುವ ಪ್ರಶ್ನೆ. ಭಾರತದಲ್ಲಿ ಒಬ್ಬ ವ್ಯಕ್ತಿ ಮನೆಯಲ್ಲಿ ಕಟ್ಟಿದ ಕಾರನ್ನು ಪರೀಕ್ಷಿಸಿ ನೋಂದಾಯಿಸುವ ಐವಿಎಯಂಥ ದಾರಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ತಯಾರಕರು ತಮ್ಮ ಮಾದರಿಯನ್ನು ಪುಣೆಯ ವಾಹನ ಪರೀಕ್ಷಾ ಕೇಂದ್ರ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಅದು ಕಂಪನಿಗಳಿಗೆ ಮಾಡಿದ ದಾರಿ, ಒಂದೇ ಒಂದು ಕಾರು ಕಟ್ಟಿದವರಿಗಲ್ಲ. ನೋಂದಣಿಯಾದ ಹಳೆಯ ಕಾರನ್ನು ಮಾರ್ಪಡಿಸಿ ನುಸುಳೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ತಯಾರಕರು ನೀಡಿದ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿತು. ಇದು ನನಗೆ ನೋವಿನ ಸಂಗತಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಹುಡುಗಿಯರು ಬಾಹಾ ಎಂಬ ಅಂತರಕಾಲೇಜು ಸ್ಪರ್ಧೆಗಾಗಿ ಟ್ಯೂಬ್ ಚೌಕಟ್ಟಿನ ಬಗ್ಗಿಗಳನ್ನು ಎಷ್ಟು ಅಚ್ಚುಕಟ್ಟಾಗಿ ಕಟ್ಟುತ್ತಾರೆಂದರೆ, ಅವರ ಕೈಗೆ ರಸ್ತೆಗಿಳಿಸಬಹುದಾದ ಒಂದು ದಾರಿ ಸಿಕ್ಕಿದ್ದರೆ ಎಂದು ಪ್ರತಿ ಸಲ ಅನಿಸುತ್ತದೆ. ನೀವು ಮರಳುವ ಯೋಚನೆ ಗಟ್ಟಿಯಿದ್ದರೆ ಕಾರನ್ನು ಅಲ್ಲೇ ಮಾರುವ ಲೆಕ್ಕ ಇಟ್ಟುಕೊಳ್ಳಿ. ಐವಿಎ ದಾಟಿದ, ಫೋಟೊ ಮತ್ತು ರಸೀದಿಗಳ ಕಡತ ಇರುವ ಸೆವೆನ್‌ಗೆ ಅಲ್ಲಿ ಕೊಳ್ಳುವವರು ಸಿಗುತ್ತಾರೆ.

ಸದ್ಯಕ್ಕೆ ಟ್ಯೂಬ್ ಆರ್ಡರ್ ಮಾಡಬೇಡಿ. ಎಂಎಕ್ಸ್-5 ಓಡಿಸಿ ನೋಡಿ ಕೊಳ್ಳಿ, ಐವಿಎ ಕೈಪಿಡಿ ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ, ವೆಲ್ಡಿಂಗ್ ತರಗತಿಗೆ ಹೆಸರು ಕೊಡಿ. ಗುಜರಿ ಅಂಗಡಿಯಿಂದ 1.6 ಮಿಲಿಮೀಟರಿನ ತುಂಡು ಟ್ಯೂಬುಗಳನ್ನು ಒಂದಷ್ಟು ತಂದಿಟ್ಟುಕೊಂಡು, ಮೇಲೆ ಹೇಳಿದ ಸುತ್ತಿಗೆಯ ಪರೀಕ್ಷೆ ಶುರುಮಾಡಿ. ಅಡ್ಡ ಕೊಯ್ದ ಬೆಸುಗೆಯ ಫೋಟೊ ಹತ್ತಿರದಿಂದ ತೆಗೆದು ಕಳಿಸಿದರೆ ಆಂಪ್ ಹೆಚ್ಚಿಸಬೇಕೋ, ತಂತಿಯ ವೇಗ ತಗ್ಗಿಸಬೇಕೋ ನೋಡಿ ಹೇಳುತ್ತೇನೆ.